ಕಳೆಯಿಲ್ಲದ ಊರು ಎಂಬ ಮಾತು

ಬೆಂಗಳೂರಿನಿಂದ ಕೆಲಸದ ಮೇಲೆ ಚೆನ್ನೈಗೆ ಹೋಗಿ ಎರಡು ವರ್ಷ ಇದ್ದು ಬಂದವರನ್ನು ಊರು ಹೇಗಿತ್ತೆಂದು ಕೇಳಿ. ಮೊದಲು ಸೆಕೆಯ ಮಾತು ಬರುತ್ತದೆ. ಆಮೇಲೆ ಮೈಲಾಪುರದ ಕಪಾಲೀಶ್ವರ, ಡಿಸೆಂಬರಿನ ಸಂಗೀತ ಕಛೇರಿಗಳು, ಮರೀನಾ ಕಡಲತೀರ. ಇವಕ್ಕೆ ಒಂದಿಷ್ಟು ಮೆಚ್ಚುಗೆ ಸಿಗುತ್ತದೆ. ಮನೆ ಎಲ್ಲಿತ್ತು ಎಂದರೆ ‘ತಾಂಬರಂ ಕಡೆ’ ಎನ್ನುತ್ತಾರೆ, ತಪ್ಪೊಪ್ಪಿಕೊಂಡವರ ಹಾಗೆ. ‘ಅಲ್ಲೇನಿದೆ? ಒಂದು ರೈಲ್ವೆ ಸ್ಟೇಷನ್, ಒಂದು ಹೈವೇ, ಸಾಲು ಸಾಲು ಅಪಾರ್ಟ್‌ಮೆಂಟು. ಕಳೆಯೇ ಇಲ್ಲದ ಊರು.’ ಮೈಲಾಪುರದಲ್ಲೇ ಹುಟ್ಟಿ ಬೆಳೆದವರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ.

ಈ ತೀರ್ಪು ತಪ್ಪು. ಬರೀ ತಪ್ಪಾಗಿದ್ದರೆ ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಇದರಿಂದ ಕೇಡೂ ಆಗಿದೆ, ಆಗುತ್ತಲೂ ಇದೆ.

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುವುದು ಒಳ್ಳೆಯದು. ಜಿಎಸ್‌ಟಿ ರಸ್ತೆ ನಡೆಯುವವರಿಗಾಗಿ ಮಾಡಿದ್ದಲ್ಲ. ಹಳಿಯ ಆಚೆಗಿನ ಪಶ್ಚಿಮ ತಾಂಬರಂ, ಈಚೆಗಿನ ಪೂರ್ವ ತಾಂಬರಂ ಎರಡೂ ಒಂದೇ ಊರಾದರೂ ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಕೆಲಸ. ಹೊಸ ಬಡಾವಣೆಗಳ ಕಟ್ಟಡಗಳನ್ನು ರಾತ್ರೋರಾತ್ರಿ ಅದಲುಬದಲು ಮಾಡಿದರೂ ಬೆಳಿಗ್ಗೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಕಳೆ ಎಂದರೆ ಕಣ್ಣಿಗೆ ಹಿತವಾಗುವ ಬೀದಿ ಎಂದಾದರೆ ತಾಂಬರಂನಲ್ಲಿ ಅದು ಕಡಿಮೆಯೇ. ಆದರೆ ಕಳೆ ಬೇರೆ, ಗುಣ ಬೇರೆ. ಮನುಷ್ಯರ ವಿಷಯದಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಗೊತ್ತು. ಮುಖದಲ್ಲಿ ಲಕ್ಷಣವಿಲ್ಲದವನಿಗೆ ಗುಣವೂ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಊರುಗಳ ವಿಷಯದಲ್ಲಿ ಮಾತ್ರ ಆ ವಿವೇಕ ಕೈಕೊಡುತ್ತದೆ.

ಹಾಗಾದರೆ ತಾಂಬರಂನ ಗುಣವೇನು? ಆ ಊರಿಗೆ ಯಾರು ಯಾರು ಬಂದರು, ಏಕೆ ಬಂದರು ಎಂದು ನೋಡಿದರೆ ಅದು ತಾನಾಗಿ ಕಾಣುತ್ತದೆ.

1928ರಲ್ಲಿ ಡಾಕ್ಟರ್ ಚೌರಿ ಮುತ್ತು ಇಲ್ಲಿ ಕ್ಷಯರೋಗಿಗಳಿಗಾಗಿ ಒಂದು ಆರೋಗ್ಯಧಾಮ ತೆರೆದರು. ಇಂಗ್ಲೆಂಡಿನಲ್ಲಿ ಕ್ಷಯದ ಆಸ್ಪತ್ರೆ ನಡೆಸಿದ್ದ ವೈದ್ಯ ಅವರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅಲ್ಲಿ ಅವರ ರೋಗಿಯಾಗಿದ್ದರು. ಕ್ಷಯವೆಂದರೆ ಮನೆಯವರೇ ದೂರವಿಡುತ್ತಿದ್ದ ಕಾಲದಲ್ಲಿ ಒಳ್ಳೆಯ ಗಾಳಿಯ ಈ ಬಯಲು ಆ ರೋಗಿಗಳನ್ನು ಒಳಗೆ ಕರೆದುಕೊಂಡಿತು. 1937ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಲೋಕಲ್ ರೈಲಿನಲ್ಲಿ ಹೋಗುವವರು ಇಂದಿಗೂ ‘ಸ್ಯಾನಟೋರಿಯಂ’ ಎಂದೇ ಆ ನಿಲ್ದಾಣವನ್ನು ಕರೆಯುತ್ತಾರೆ. ಹೆಸರಿನ ಅರ್ಥದ ಕಡೆ ಯಾರ ಗಮನವೂ ಹೋಗುವುದಿಲ್ಲ. 1990ರ ದಶಕದಲ್ಲಿ ಎಚ್‌ಐವಿ ಎಂದರೆ ಆಸ್ಪತ್ರೆಗಳೇ ಬಾಗಿಲು ಹಾಕಿಕೊಳ್ಳುತ್ತಿದ್ದಾಗ ಇದೇ ಆಸ್ಪತ್ರೆ ಸೋಂಕಿತರನ್ನು ಸೇರಿಸಿಕೊಂಡಿತು. ದೇಶದಲ್ಲೇ ಅತಿ ಹೆಚ್ಚು ಎಚ್‌ಐವಿ ರೋಗಿಗಳಿಗೆ ಚಿಕಿತ್ಸೆ ಕೊಟ್ಟ ಜಾಗಗಳಲ್ಲಿ ಇದೂ ಒಂದಾಯಿತು.

1837ರಲ್ಲಿ ಶುರುವಾಗಿ ಜಾರ್ಜ್ ಟೌನಿನ ಇಕ್ಕಟ್ಟಿನಲ್ಲಿದ್ದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ತಾಂಬರಂಗೆ ಬಂತು. ಸಿಕ್ಕಿದ್ದು 365 ಎಕರೆ ಕುರುಚಲು ಕಾಡು. ಅದನ್ನು ಬೋಳಿಸಿ ಹುಲ್ಲುಹಾಸು ಮಾಡಬಹುದಿತ್ತು. ಅಲ್ಲಿದ್ದವರು ಕಾಡನ್ನು ಉಳಿಸಿಕೊಂಡರು, ಮರ ನೆಟ್ಟರು. ಅದಾಗಿ ಒಂದೇ ವರ್ಷಕ್ಕೆ, 1938ರ ಡಿಸೆಂಬರಿನಲ್ಲಿ, ಜಗತ್ತಿನ ನಾನಾ ಕಡೆಯಿಂದ ನೂರಾರು ಪ್ರತಿನಿಧಿಗಳು ಆ ಆವರಣದಲ್ಲಿ ಸೇರಿ ಕ್ರೈಸ್ತ ಧರ್ಮಕ್ಕೂ ಬೇರೆ ಧರ್ಮಗಳಿಗೂ ಇರುವ ಸಂಬಂಧದ ಬಗ್ಗೆ ದೊಡ್ಡ ವಾಗ್ವಾದ ನಡೆಸಿದರು. ಧರ್ಮಶಾಸ್ತ್ರ ಓದುವವರಿಗೆ ದೂರದೇಶಗಳಲ್ಲೂ ‘ತಾಂಬರಂ’ ಎಂದರೆ ಆ ಸಮ್ಮೇಳನ. ಮೈಲಾಪುರದವರಿಗೆ ಮಾತ್ರ ಅದು ರೈಲು ಖಾಲಿಯಾಗುವ ಜಾಗ.

ಪಟ್ಟಿ ಇನ್ನೂ ಇದೆ. ನಗರದ ನಡುವೆ ಜಾಗ ಸಾಲದ ಮೃಗಾಲಯ 1985ರಲ್ಲಿ ಪಕ್ಕದ ವಂಡಲೂರಿಗೆ ಬಂತು. ವಾಯುಪಡೆ, ರಫ್ತು ವಲಯ, ಸಿದ್ಧ ವೈದ್ಯದ ರಾಷ್ಟ್ರೀಯ ಸಂಸ್ಥೆ, 2023ರ ಕೊನೆಗೆ ಕಿಲಾಂಬಾಕ್ಕಂನ ಬಸ್ ನಿಲ್ದಾಣ, ಎಲ್ಲವೂ ಇದೇ ಸೀಮೆಗೆ ಬಂದವು. ತಿರುನೆಲ್ವೇಲಿ, ಮಧುರೆ, ವಿಳುಪ್ಪುರದಿಂದ ಕೆಲಸ ಹುಡುಕಿಕೊಂಡು ಬಂದವರು ಇಳಿಯುವುದೂ ಇಲ್ಲೇ. ಪೊಂಗಲ್ ಮುನ್ನಾದಿನ ತಾಂಬರಂ ನಿಲ್ದಾಣಕ್ಕೆ ಹೋದರೆ ಊರಿನ ಗುಣ ಕಣ್ಣಿಗೇ ಕಾಣುತ್ತದೆ. ನಾಗರಕೋಯಿಲ್‌ಗೆ ಹೊರಡುವ ಅಂತ್ಯೋದಯ ರೈಲಿನಲ್ಲಿ ಮುಂಗಡ ಕಾಯ್ದಿರಿಸುವ ಮಾತೇ ಇಲ್ಲ. ಎಷ್ಟೋ ಹೊತ್ತು ಮೊದಲೇ ಸಾಲು ನಿಂತವರಿಗೆ ಸೀಟು. ದಕ್ಷಿಣ ಜಿಲ್ಲೆಗಳ ಅರ್ಧ ಸಂಸಾರ ಚೀಲ, ಮಗು, ಪ್ಲಾಸ್ಟಿಕ್ ಕೊಡದ ಸಮೇತ ಆ ಪ್ಲಾಟ್‌ಫಾರಂ ಮೇಲೆ ಕೂತಿರುತ್ತದೆ. ನಗರದೊಳಗೆ ಜಾಗ ಸಿಗದವರನ್ನು, ಜಾಗ ಸಿಗದ್ದನ್ನು, ತಾಂಬರಂ ತನ್ನಲ್ಲಿ ಇರಿಸಿಕೊಂಡಿದೆ. ಇದು ಗುಣವಲ್ಲದಿದ್ದರೆ ಇನ್ಯಾವುದು?

‘ಇದೆಲ್ಲ ನಿನ್ನೆ ಮೊನ್ನೆಯದು, ಹಳಮೆ ಎಲ್ಲಿದೆ?’ ಎಂದು ಕೇಳುವವರಿಗೂ ಉತ್ತರವಿದೆ. 2021ರಲ್ಲಿ ತಾಂಬರಂ ನಗರಪಾಲಿಕೆಯಾದಾಗ ಪಲ್ಲಾವರವೂ ಅದರೊಳಗೆ ಸೇರಿತು. ಆ ಪಲ್ಲಾವರದಲ್ಲಿ 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಒಂದು ಕಲ್ಲಿನ ಆಯುಧ ಸಿಕ್ಕಿತು. ಭಾರತದಲ್ಲಿ ಹಳೆಯ ಶಿಲಾಯುಗದ ಮನುಷ್ಯರಿದ್ದರು ಎಂದು ಮೊದಲು ತೋರಿಸಿಕೊಟ್ಟದ್ದು ಆ ಕಲ್ಲು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು, ನವಶಿಲಾಯುಗದ ನೆಲೆಗಳನ್ನು ಹುಡುಕುತ್ತ ಅಲೆದ ಫೂಟ್ ಇವನೇ. ಕನ್ನಡ ನಾಡಿನ ಪ್ರಾಚೀನತೆಯ ಬಗ್ಗೆ ಹೆಮ್ಮೆ ಪಡುವವರು ಇವನ ಋಣದಲ್ಲಿದ್ದಾರೆ. ಇನ್ನು ಮಾಡಂಬಾಕ್ಕಂ ಹೋಗಿ ಧೇನುಪುರೀಶ್ವರ ದೇವಾಲಯದ ಹಿಂಭಾಗ ನೋಡಬೇಕು. ಚೋಳರ ಕಾಲದ ಗುಡಿ, ಗಜಪೃಷ್ಠ ವಿನ್ಯಾಸ, ಕೂತ ಆನೆಯ ಬೆನ್ನಿನ ಹಾಗೆ. ಹಿಂಭಾಗ ಹಾಗೆ ದುಂಡಗಿರುವ ದುರ್ಗಾ ಗುಡಿಯನ್ನು ನೋಡಲು ಜನ ರಜೆ ಹಾಕಿ ಐಹೊಳೆಗೆ ಹೋಗುತ್ತಾರೆ.

ಆದರೆ ವಾದ ಹಳಮೆಯ ಮೇಲೆ ನಿಲ್ಲಬಾರದು. ಫೂಟ್‌ಗೆ ಆ ಕಲ್ಲು ಸಿಗದಿದ್ದರೂ, ಚೋಳರು ಗುಡಿ ಕಟ್ಟಿಸದಿದ್ದರೂ, 1970ರ ದಶಕದಲ್ಲಿ ನಿವೃತ್ತಿಯ ಹಣ ಹಾಕಿ ಸೈಟು ಕೊಂಡ ರೈಲ್ವೆ ಗುಮಾಸ್ತನ ಬೀದಿಗೆ ಗೌರವ ಸಲ್ಲಲೇಬೇಕು. ದೇವಸ್ಥಾನದ ಗೋಪುರ ತೋರಿಸಿದರೆ ಮಾತ್ರ ಊರಿಗೆ ಗುಣವಿದೆ ಎಂದು ಒಪ್ಪುವುದಾದರೆ, ಬಡವರೂ ಮಧ್ಯಮದವರೂ ಹೊಸದಾಗಿ ಕಟ್ಟಿಕೊಂಡ ಯಾವ ಊರಿಗೂ ಗುಣ ಇರುವುದು ಸಾಧ್ಯವಿಲ್ಲ. ಮೈಲಾಪುರದ ಬಾಡಿಗೆ ಕೊಡಲಾಗದವರೇ ತಾಂಬರಂ ಕಟ್ಟಿದ್ದು. 1931ರಲ್ಲಿ ಬೀಚ್ ನಿಲ್ದಾಣದಿಂದ ತಾಂಬರಂವರೆಗೆ ವಿದ್ಯುತ್ ರೈಲು ಓಡತೊಡಗಿದ ಮೇಲೆ ನಗರದಲ್ಲಿ ದುಡಿದು ದೂರದಲ್ಲಿ ಮಲಗುವುದು ಸಾಧ್ಯವಾಯಿತು. ‘ಕಳೆಯಿಲ್ಲ’ ಎನ್ನುವ ಮಾತಿನಲ್ಲಿ ಅವರ ಕೈಗೆಟುಕಿದ ಬದುಕಿನ ಬಗ್ಗೆ ಒಂದು ಸಣ್ಣ ತಾತ್ಸಾರ ಅಡಗಿದೆ.

ಇನ್ನು ಕೇಡಿನ ಮಾತು. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ತಾಂಬರಂ ಸುತ್ತಿನ ನೆಲ ಅಂಥ ಏರಿಗಳ ನೆಲ. ಒಂದರ ಕೋಡಿ ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ ಹರಿದು ಕೊನೆಗೆ ಅಡಯಾರ್ ನದಿಗೆ ಸೇರುವ ವ್ಯವಸ್ಥೆ. ‘ಅಲ್ಲೇನೂ ಇಲ್ಲ’ ಎಂದು ಒಮ್ಮೆ ತೀರ್ಮಾನವಾದ ಮೇಲೆ ಅಲ್ಲಿ ಏನನ್ನು ಬೇಕಾದರೂ ಮಾಡಬಹುದು. ಕೆರೆಯ ಅಂಗಳದಲ್ಲಿ ಸೈಟು ಹಂಚಬಹುದು, ಕಾಲುವೆಯ ಮೇಲೆ ಅಂಗಡಿ ಎಬ್ಬಿಸಬಹುದು. ತಾಂಬರಂನಿಂದ ವೇಳಚೇರಿಗೆ ಹೋಗುವ ರಸ್ತೆಯ ಬದಿಯಲ್ಲೇ ಪಳ್ಳಿಕರಣೈ ಜೌಗು ಇದೆ. ಬಂಜರು ಎಂದೇ ಎಣಿಸಿದ್ದ ಅದರಲ್ಲಿ ನಗರ ದಶಕಗಳ ಕಾಲ ಕಸ ಸುರಿಯಿತು. 2022ರಲ್ಲಿ ಅದೇ ಜೌಗು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಯಿತು. ಜೌಗು ಬದಲಾಗಿರಲಿಲ್ಲ. ಅಷ್ಟೊತ್ತಿಗೆ ಅದರ ಬಹುಪಾಲು ಮಾತ್ರ ಹೋಗಿಯಾಗಿತ್ತು.

2015ರ ಡಿಸೆಂಬರ್ 1ರ ಬೆಳಗಿನಿಂದ ಮರುದಿನ ಬೆಳಗಿನವರೆಗೆ ತಾಂಬರಂನಲ್ಲಿ 49 ಸೆಂಟಿಮೀಟರ್ ಮಳೆ ಸುರಿಯಿತು. ಮುಡಿಚೂರಿನಂಥ ಕಡೆ ನೆಲಮಾಳಿಗೆಯಲ್ಲ, ನೆಲಮಹಡಿಯೇ ಮುಳುಗಿ ಜನ ತಾರಸಿ ಹತ್ತಿದರು. ಅಷ್ಟು ಮಳೆಗೆ ಯಾವ ಊರೂ ತತ್ತರಿಸುತ್ತದೆ, ನಿಜ. ಆದರೆ ನೀರು ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದಿತ್ತು, ಆ ದಾರಿಯಲ್ಲಿ ಮನೆಗಳಿದ್ದವು. ಒಂದು ಊರಿಗೆ ಕೆರೆ, ಕೋಡಿ, ಕಾಲುವೆಗಳ ನಕ್ಷೆಯೊಂದು ಇತ್ತು ಎಂಬುದನ್ನು ಯಾರೂ ನೋಡದಿದ್ದರ ಬೆಲೆ ಅದು. ಮೈಲಾಪುರದ ದೇವಸ್ಥಾನದ ಕೊಳವನ್ನು ಮುಚ್ಚಿ ಅಪಾರ್ಟ್‌ಮೆಂಟು ಕಟ್ಟುತ್ತೇವೆ ಎಂದು ಯಾರಾದರೂ ಹೊರಟರೆ ಇಡೀ ಚೆನ್ನೈ ಬೀದಿಗೆ ಬರುತ್ತದೆ. ಹೊರವಲಯದ ಕೆರೆಗೆ ಆ ಭಾಗ್ಯವಿಲ್ಲ. ಅದಕ್ಕಾಗಿ ಕೂಗುವವರು ಅದರ ದಡದ ನಿವಾಸಿಗಳು ಮಾತ್ರ.

ಬೆಂಗಳೂರಿನವರು ಇದನ್ನು ದೂರದ ಊರಿನ ಕಥೆ ಎಂದು ಓದಬಾರದು. ಬಸವನಗುಡಿ, ಮಲ್ಲೇಶ್ವರಗಳಿಗೆ ಕಳೆಯಿದೆ, ವರ್ತೂರು ರಸ್ತೆಗೆ ಏನಿದೆ ಎಂದು ಹೇಳುತ್ತ ಬಂದವರ ಕಣ್ಣೆದುರೇ 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿತು. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ಟ್ರ್ಯಾಕ್ಟರು, ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ತಾಂಬರಂನ ಬಗ್ಗೆ ಮೂಗು ಮುರಿಯುವ ಅನೇಕರು ವಾಪಸು ಬಂದು ಮನೆ ಮಾಡುವುದು ಇದೇ ಬಗೆಯ ಹೊರವಲಯದಲ್ಲೇ.

ಅಂಥವರು ಒಂದು ಭಾನುವಾರ ಬೇಗೂರಿಗೆ ಹೋಗಿ ಬರಲಿ. ಬೆಂಗಳೂರು ಎಂಬ ಹೆಸರು ಕಾಣಿಸುವ ಅತಿ ಹಳೆಯ ಶಾಸನ, ಕ್ರಿ.ಶ. 890ರ ಸುಮಾರಿನ ವೀರಗಲ್ಲು, ಅಲ್ಲಿನ ನಾಗೇಶ್ವರ ದೇವಾಲಯದಲ್ಲಿದೆ. ಮಲ್ಲೇಶ್ವರದಲ್ಲಿ ಅಲ್ಲ, ಬಸವನಗುಡಿಯಲ್ಲೂ ಅಲ್ಲ. ಹೊಸೂರು ರಸ್ತೆಯಿಂದ ಒಳಗೆ ತಿರುಗಿ, ಸಾಲು ಸಾಲು ಅಪಾರ್ಟ್‌ಮೆಂಟುಗಳನ್ನು ದಾಟಿ, ‘ಅಲ್ಲೇನಿದೆ?’ ಎಂದು ಜನ ಕೇಳುವ ಜಾಗದಲ್ಲಿ.