ಗರಡಿ ಊರಿನ ಹೆಂಗಸರು ಭಾರ ಎತ್ತೋದೆಲ್ಲಿ?

ದಾವಣಗೆರೆ ಅಂದರೆ ಬೆಣ್ಣೆದೋಸೆ, ಅದು ಬಿಟ್ಟರೆ ಗರಡಿಮನೆ. ಗಂಡುಮಕ್ಕಳಿಗೆ ತಲೆತಲಾಂತರದಿಂದ ಸಾಮು ತೆಗೆಸಿದ ಊರು ಇದು. ಆದರೆ ನಲವತ್ತೈದು ದಾಟಿದ ಹೆಂಗಸಿಗೆ ಇಲ್ಲಿ ಸಾಮು ಯಾವುದು? ಪಾರ್ಕಿನಲ್ಲಿ ನಾಲ್ಕು ಸುತ್ತು ವಾಕಿಂಗು, ಮುಗೀತು. ವಾಕಿಂಗ್ ಬೇಡ ಅನ್ನುವವರು ಯಾರೂ ಇಲ್ಲ. ಅದೊಂದೇ ಸಾಲದು ಅನ್ನುವುದು ಇಲ್ಲಿನ ಮಾತು.

ಭಾರತದ ಹೆಂಗಸರಿಗೆ ಸರಾಸರಿ 46-47ಕ್ಕೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಇಳಿಯುತ್ತಿದ್ದಂತೆ ಕೊಬ್ಬು ಹೊಟ್ಟೆಯ ಕಡೆ ಸರಿಯುತ್ತದೆ, ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. ಅಮೆರಿಕದ 'ಸ್ವಾನ್' ಅಧ್ಯಯನ 2019ರಲ್ಲಿ ಹೇಳಿದ್ದೂ ಇದನ್ನೇ. ಈ ಹಂತ ಶುರುವಾಗುತ್ತಲೇ ಕೊಬ್ಬು ಸೇರುವ ವೇಗ ಇಮ್ಮಡಿಯಾಗುತ್ತದೆ, ಸ್ನಾಯು ಇಳಿಯತೊಡಗುತ್ತದೆ. ಮುಟ್ಟು ನಿಂತ ಎರಡು ವರ್ಷದವರೆಗೂ ಹೀಗೇ. ಮೋಸ ಏನೆಂದರೆ, ತೂಕದ ಮಿಷಿನ್ನು ಇದನ್ನು ಪೂರ್ತಿ ಹೇಳುವುದಿಲ್ಲ. ಒಂದು ಕೆ.ಜಿ. ಸ್ನಾಯು ಹೋಗಿ ಒಂದು ಕೆ.ಜಿ. ಕೊಬ್ಬು ಬಂದರೂ ಮುಳ್ಳು ಅಲ್ಲೇ ನಿಂತಿರುತ್ತದೆ!

"ಬಿಂದಿಗೆ ಹೊತ್ತಿಲ್ವೇನ್ರಿ, ಇನ್ನೇನು ಭಾರ ಎತ್ತೋದು?" ಎಂದು ಅಕ್ಕಂದಿರು ಕೇಳಬಹುದು. ನಿಜ. ಆದರೆ ಮೂವತ್ತು ವರ್ಷ ಅದೇ ಬಿಂದಿಗೆ ಹೊತ್ತರೆ ಮೈ ಅದಕ್ಕೇ ಒಗ್ಗಿಹೋಗುತ್ತದೆ. ಭಾರ ಮೆಲ್ಲಮೆಲ್ಲಗೆ ಏರಬೇಕು, ಆಗಲೇ ಸ್ನಾಯು ಬೆಳೆದೀತು. ಮೇಲಾಗಿ ಈಗ ಬಿಂದಿಗೆ ಎಲ್ಲಿದೆ? ಒರಳಿನ ಜಾಗಕ್ಕೆ ಮಿಕ್ಸಿ ಬಂದು ಎಷ್ಟು ಕಾಲವಾಯಿತು!

"ಈ ವಯಸ್ಸಿನಲ್ಲಿ ಮೂಳೆ ಮುರಿದರೆ?" ಇದು ಇನ್ನೊಂದು ಭಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮೂಳೆ ಸವೆದ, 58 ದಾಟಿದ 101 ಹೆಂಗಸರ ಮೇಲೆ ನಡೆದ ಪ್ರಯೋಗದ ವರದಿ 2018ರಲ್ಲಿ ಬಂತು. ಒಂದು ಗುಂಪು ತರಬೇತುದಾರರ ಎದುರಿಗೆ ವಾರಕ್ಕೆರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ಭಾರಿ ತೂಕವನ್ನೇ ಎತ್ತಿತು. ಅವರ ಬೆನ್ನುಮೂಳೆಯ ಸಾಂದ್ರತೆ ಶೇ. 3ರಷ್ಟು ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ. 1ರಷ್ಟು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ ಬೇಕೆಂದಿದೆ.

ಹಾಗಂತ ನಾಳೆಯೇ ಹೋಗಿ ಕಬ್ಬಿಣ ಎತ್ತಬೇಕಿಲ್ಲ. ಬಿ.ಪಿ., ಮಂಡಿನೋವು, ಬೆನ್ನುನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಲಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಎರಡು ಲೀಟರ್ ನೀರಿನ ಬಾಟಲಿ ಎತ್ತುವುದು ಮೊದಲ ಪಾಠವಾಗಲಿ. ಎಲ್ಲರಿಗೂ ಬಡಿಸಿ ಉಳಿದ ಸಾರಿನಲ್ಲೇ ಊಟ ಮುಗಿಸುವ ಚಾಳಿಯೂ ನಿಲ್ಲಲಿ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಕಾಳು, ಮೊಸರು, ಮೊಟ್ಟೆ ಅವರ ತಟ್ಟೆಗೂ ಬೀಳಲಿ.

ಉಳಿದದ್ದು ಪಾಲಿಕೆಯ ಕೆಲಸ. ಪಾರ್ಕುಗಳಲ್ಲಿ ನಿಲ್ಲಿಸುವ 'ಓಪನ್ ಜಿಮ್'ಗಳ ಬಹುತೇಕ ಯಂತ್ರಗಳಲ್ಲಿ ಭಾರ ಏರಿಸಲು ಬರುವುದಿಲ್ಲ, ಹೇಳಿಕೊಡುವವರೂ ಇರುವುದಿಲ್ಲ. ಅದರ ಬದಲು ವಾರ್ಡಿನ ಸಮುದಾಯ ಭವನದಲ್ಲಿ ನಾಲ್ಕಾರು ಜೊತೆ ಡಂಬೆಲ್ ಇಟ್ಟು, ವಾರಕ್ಕೆರಡು ಮಧ್ಯಾಹ್ನ ಹೆಂಗಸರಿಗೇ ಮೀಸಲಿಟ್ಟು, ಒಬ್ಬ ಮಹಿಳಾ ತರಬೇತುದಾರರನ್ನು ನೇಮಿಸಿದರೆ ಖಜಾನೆಯೇನೂ ಬರಿದಾಗದು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ತಾಯಿಯ ಆಸ್ಪತ್ರೆ ಬಿಲ್ಲು ಕಟ್ಟಿದ ಮನೆಯವರಿಗೆ ಈ ಲೆಕ್ಕ ಗೊತ್ತು. ಪಾಲಿಕೆಯವರಿಗೆ ಗೊತ್ತಾಗುವುದು ಯಾವಾಗ?