ಅಳಿಸೋದು ಬಿಡಿ, ಶಕ್ತಿಯ ಲೆಕ್ಕ ಕೇಳಿ

1/5
ಕಂಟ್ರೋಲ್ ಓದ್ತಿರೋ ಗೆಳೆಯರೇ, ಇವತ್ತು ಒಂದು ಜಗಳ ತೆಗೀತಿದೀನಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾನ್‌ಲೀನಿಯರ್ ಅಂದ ತಕ್ಷಣ ನಾವು ಮಾಡೋದು ಎರಡೇ. ಒಂದು ಬಿಂದುವಿನ ಸುತ್ತ ಲೀನಿಯರ್ ಮಾಡಿಬಿಡ್ತೀವಿ, ಇಲ್ಲಾ ಬೇಡದ ಪದಗಳನ್ನೆಲ್ಲ ಕಂಟ್ರೋಲರ್‌ನಿಂದ ಅಳಿಸಿಬಿಡ್ತೀವಿ. ಮೊದಲನೆಯದರ ಭರವಸೆ ಆ ಬಿಂದುವಿನ ಹತ್ತಿರ ಮಾತ್ರ. ಎರಡನೆಯದರದ್ದು ಮಾಡೆಲ್ ಸರಿಯಿದ್ದರೆ ಮಾತ್ರ. ಪರೀಕ್ಷೆಯಲ್ಲಿ ಎರಡಕ್ಕೂ ಮಾರ್ಕ್ಸ್ ಬರುತ್ತೆ. ಯಂತ್ರ ಮಾರ್ಕ್ಸ್ ಕೊಡಲ್ಲ.

2/5
ನಾನೂ ಹಾಗೇ ಮಾಡಿದವನೇ. ಎರಡು ಕೀಲಿನ ರೋಬೋಟ್ ತೋಳು, ಸಿಮ್ಯುಲೇಶನ್‌ನಲ್ಲಿ ಬೆಣ್ಣೆಯ ಹಾಗೆ ಓಡ್ತು. ಲ್ಯಾಬಲ್ಲಿ ತುದಿಗೆ ಅರ್ಧ ಕೆಜಿ ಕಟ್ಟಿದೆ, ಕೋಡ್‌ಗೆ ಹೇಳಲಿಲ್ಲ. ತೋಳು ದಾರಿ ಬಿಟ್ಟು ಜೋತುಬಿತ್ತು. ಗೇನ್ ಏರಿಸಿದೆ, ಗಡಗಡ ನಡುಗ್ತು. ಸ್ವಿಚ್ ಆರಿಸಿದೆ. ಪಕ್ಕದಲ್ಲಿ ಯಾರ ಕೈಯೂ ಇರಲಿಲ್ಲ, ಪುಣ್ಯ.

3/5
ಈಗ ಜೋಕಾಲಿ ನೆನಪಿಸಿಕೊಳ್ಳಿ. ತಳ್ಳಿದರೆ ಶಕ್ತಿ ಒಳಗೆ ಹೋಗುತ್ತೆ, ಸ್ವಲ್ಪ ಘರ್ಷಣೆಯಲ್ಲಿ ಕರಗುತ್ತೆ, ಉಳಿದದ್ದು ಒಳಗಿರುತ್ತೆ. ಇಟ್ಟುಕೊಂಡದ್ದು, ಪಡೆದದ್ದು ಎರಡನ್ನೂ ಮೀರಿ ಅದು ಏನನ್ನೂ ಹೊರಗೆ ಕೊಡಲಾರದು. ಇದೇ ಪ್ಯಾಸಿವಿಟಿ. ಹೆಸರು ಕೇಳಿ ಸೋಮಾರಿತನ ಅಂದ್ಕೋಬೇಡಿ, ಇದು ಸಾಲ ಮಾಡದ ಮನೆಯ ಲೆಕ್ಕ. ಈ ಯೋಚನೆಗೆ ಗಟ್ಟಿಯಾದ ಗಣಿತದ ಚೌಕಟ್ಟು ಕೊಟ್ಟದ್ದು ಯಾನ್ ವಿಲೆಮ್ಸ್, 1972ರಲ್ಲಿ. ಇನ್ನೂ ಚೆಂದದ ಮಾತು: ಇಂಥ ಎರಡು ವ್ಯವಸ್ಥೆಗಳನ್ನ ನೆಗೆಟಿವ್ ಫೀಡ್‌ಬ್ಯಾಕ್‌ನಲ್ಲಿ ಜೋಡಿಸಿದರೆ ಒಟ್ಟು ವ್ಯವಸ್ಥೆಯೂ ಪ್ಯಾಸಿವ್ ಆಗೇ ಉಳಿಯುತ್ತೆ.

4/5
1981ರಲ್ಲಿ ಜಪಾನಿನ ತಾಕೆಗಾಕಿ ಮತ್ತು ಅರಿಮೊಟೊ ಇದನ್ನ ರೋಬೋಟ್ ತೋಳಿಗೆ ತಂದರು. ಗುರುತ್ವದ ಭಾರ ಹೊರಿ, ಗುರಿಯ ಕಡೆ ಎಳೆಯೋ ಒಂದು ಸ್ಪ್ರಿಂಗ್ ಹಾಕಿ, ವೇಗ ತಗ್ಗಿಸೋ ಒಂದು ಡ್ಯಾಂಪರ್ ಹಾಕಿ. ಎರಡೂ ಕೋಡ್‌ನಲ್ಲಿರೋವು. ಶಕ್ತಿಯ ತಳ ಗುರಿಯಲ್ಲೇ ಇರುತ್ತೆ, ಡ್ಯಾಂಪರ್ ಶಕ್ತಿ ಕರಗಿಸುತ್ತೆ, ತೋಳು ಅಲ್ಲಿಗೇ ಇಳಿದು ನಿಲ್ಲುತ್ತೆ. ಜಡತ್ವದ ಮ್ಯಾಟ್ರಿಕ್ಸ್ ಬೇಡ, ಕೊರಿಯೊಲಿಸ್ ಪದಗಳೂ ಬೇಡ. ಯಾಕೆ ಗೊತ್ತಾ? ಜಡತ್ವ ತೋಳಿನ ಭಂಗಿಯ ಜೊತೆ ಬದಲಾಗೋದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಆ ಪದಗಳು ಒಟ್ಟು ಶಕ್ತಿಯನ್ನ ಕೂಡಿಸೋದೂ ಇಲ್ಲ, ಕಳೆಯೋದೂ ಇಲ್ಲ. ಒಂದು ಪೈಸೆ ಕದಿಯದವನ ಹಿಂದೆ ಪೊಲೀಸ್ ಬಿಡ್ತಿದ್ವಿ ನಾವು!

5/5
"ಹಂಗಾದ್ರೆ ಇದರಲ್ಲಿ ಹುಳುಕೇ ಇಲ್ವಾ?" ಇದೆ. ಈ ನಿಯಮ ಒಂದು ಜಾಗಕ್ಕೆ ಹೋಗಿ ನಿಲ್ಲೋಕೆ, ವೇಗದ ದಾರಿಯನ್ನ ಹಿಂಬಾಲಿಸೋಕೆ ಅಲ್ಲ. ಅದಕ್ಕೆ ಸ್ಲೋಟಿನ್ ಮತ್ತು ಲೀ 1987ರಲ್ಲಿ ಇದೇ ರಚನೆ ಉಳಿಸಿಕೊಂಡು ಇನ್ನೊಂದು ನಿಯಮ ಕೊಟ್ಟರು. ಕಂಪ್ಯೂಟರ್ ಚೂರು ತಡ ಮಾಡಿದರೆ ಕೋಡ್‌ನ ಸ್ಪ್ರಿಂಗ್ ತಗೊಂಡದ್ದಕ್ಕಿಂತ ಜಾಸ್ತಿ ಶಕ್ತಿ ವಾಪಸ್ ಕೊಟ್ಟುಬಿಡುತ್ತೆ. ಆದ್ರೆ ನೋಡಿ, ಆ ಕಳ್ಳತನ ಎಲ್ಲಿ ಆಯ್ತು ಅಂತ ಹಿಡಿಯೋಕೂ ಇದೇ ಲೆಕ್ಕ ಬೇಕು.

ಅದೇ ತೋಳಿಗೆ ಈ ನಿಯಮ ಹಾಕಿದೆ, ಅದೇ ಅರ್ಧ ಕೆಜಿ ಕಟ್ಟಿದೆ. ಗುರಿಗಿಂತ ಚೂರು ಕೆಳಗೆ ನಿಂತ್ತು. ಆದ್ರೆ ನಿಂತ್ತು. ಕೈಯಿಂದ ತಳ್ಳಿದೆ, ಮೆತ್ತಗೆ ವಾಪಸ್ ಬಂತು.

ನಾಳೆ ನಾವು ಮಾಡೋ ಯಂತ್ರಗಳು ಮನುಷ್ಯರ ಪಕ್ಕದಲ್ಲೇ ನಿಲ್ಲುತ್ತವೆ. ಮುಂದಿನ ಅಸೈನ್‌ಮೆಂಟ್‌ನಲ್ಲಿ ಏನನ್ನಾದರೂ ಅಳಿಸೋ ಮುಂಚೆ ಮೂರು ಸಾಲು ಬರೀರಿ: ಶಕ್ತಿ ಎಲ್ಲಿ ಕೂತಿದೆ, ಎಲ್ಲಿಂದ ಬರ್ತಿದೆ, ಎಲ್ಲಿ ಕರಗ್ತಿದೆ. ಬರೆಯೋಕೆ ಆಗಲಿಲ್ವಾ? ಮೋಟಾರ್ ಆನ್ ಮಾಡಬೇಡಿ.

ಒಪ್ಪಲ್ಲ ಅನ್ನೋರು ಕಮೆಂಟಿಗೆ ಬನ್ನಿ, ಸಮೀಕರಣದ ಜೊತೆಗೆ.

#ಕಂಟ್ರೋಲ್‌ಕನ್ನಡದಲ್ಲಿ #ಪ್ಯಾಸಿವಿಟಿ