ರೀಫ್ಯಾಕ್ಟರಿಂಗ್ ಅಂದ್ರ ರಿಪೇರಿ ಅಲ್ರೀ!

ಮೊನ್ನೆ ನಮ್ಮ ಟೀಮಿನ ಗೆಳೆಯನೊಬ್ಬ "ಬಿಲ್ಲಿಂಗ್ ಕೋಡ್ ಸ್ವಲ್ಪ ರೀಫ್ಯಾಕ್ಟರ್ ಮಾಡೀನಿ" ಅಂದ. ಎರಡು ದಿನ ಬಿಟ್ಟು ನೋಡಿದರೆ ಬಿಲ್ಲಿನ ಪೈಸೆ ಲೆಕ್ಕವೇ ಬೇರೆ! ಕೇಳಿದರೆ, "ಹಳೇದು ತಪ್ಪಿತ್ತಲೇ, ಜೊತೀಗೇ ಸರಿ ಮಾಡ್ದೆ" ಅಂತಾನೆ. ಸರಿ ಮಾಡಿದ್ದು ಒಳ್ಳೆಯದೇ. ಆದರೆ ಅದರ ಹೆಸರು ಬಗ್ ಫಿಕ್ಸ್.

ರೀಫ್ಯಾಕ್ಟರಿಂಗ್ ಬಗ್ಗೆ ವಿಲಿಯಂ ಒಪ್ಡೈಕ್ 1992ರಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. 1999ರಲ್ಲಿ ಬಂದ ಮಾರ್ಟಿನ್ ಫೌಲರ್ ಪುಸ್ತಕ ಈ ಪದವನ್ನು ಎಲ್ಲರ ಬಾಯಿಗೆ ತಂದಿತು. ಅರ್ಥ ಇಷ್ಟೇ: ಹೊರಗಿನ ನಡವಳಿಕೆ ಬದಲಾಗದಂತೆ ಒಳಗಿನ ರಚನೆಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಚೊಕ್ಕ ಮಾಡುವುದು. ರೀಸ್ಟ್ರಕ್ಚರಿಂಗ್ ಅದಕ್ಕಿಂತ ಅಗಲವಾದ ಮಾತು. ಹಳೆಯದನ್ನು ಬದಿಗಿಟ್ಟು ಮೊದಲಿಂದ ಬರೆದರೆ ಅದು ರೀರೈಟ್.

ನಮ್ಮ ಜಿಲ್ಲೆಯನ್ನೇ ನೋಡಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು. ಕೋಡಿನಲ್ಲಿ ಇದು 'ರೀನೇಮ್'. ಹೆಸರು ಬರೆದಿದ್ದ ಬೋರ್ಡು, ಸೀಲು ಬದಲಾಗಬೇಕಾಯಿತು. ಹೆಸರನ್ನು ನಂಬಿಕೊಳ್ಳದ ಕೆಎ-28 ಹಾಗೇ ಉಳಿಯಿತು.

2017ರ ಬಜೆಟ್ಟಿನಲ್ಲಿ ಹೊಸ ತಾಲೂಕುಗಳ ಘೋಷಣೆ ಆಯಿತು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ. ಭಾರ ಹೆಚ್ಚಾದ ಒಂದು ಕ್ಲಾಸನ್ನು ಒಡೆದು ಎರಡು ಮಾಡಿದ ಹಾಗೇ ಕಾಣುತ್ತೆ ಅಲ್ವಾ? ಆದರೆ ಇದು ರೀಫ್ಯಾಕ್ಟರಿಂಗ್ ಅಲ್ಲ! ತಾಳಿಕೋಟೆಯ ರೈತ ಯಾವ ಊರಿನ ತಹಶೀಲ್ದಾರ್ ಕಚೇರಿಗೆ ಹೋಗಬೇಕು ಅನ್ನೋದೇ ಬದಲಾಯಿತು. ಅದೇ ಉದ್ದೇಶವೂ ಆಗಿತ್ತು. ಹಾಗಾಗಿಯೇ ಅದನ್ನು ಎಲ್ಲರಿಗೂ ಸಾರಿ ಹೇಳಿ ಮಾಡಿದರು. 'ಒಳಗಷ್ಟೇ ಸ್ವಲ್ಪ ಜೋಡಿಸೀವಿ' ಅಂತ ಸುಮ್ಮನೆ ಮಾಡಿದ್ದರೆ ರೈತ ಹಳೇ ಕಚೇರಿ ಮುಂದೆ ಪಾಳಿ ಹಚ್ಚಿ ಬರಿಗೈಲಿ ವಾಪಸ್ ಬರ್ತಿದ್ದ.

ನನ್ನ ತಕರಾರು ಇದೇ. ಬರೀ ಪದದ ಜಗಳ ಅಲ್ಲ ಇದು. 'ರೀಫ್ಯಾಕ್ಟರ್' ಅಂದ ಕೂಡಲೇ ಟೆಸ್ಟಿಂಗ್‌ನವರು ನಿಶ್ಚಿಂತರಾಗುತ್ತಾರೆ, ರಿವ್ಯೂ ಮಾಡುವವರು ಮೇಲೆಮೇಲೆ ಕಣ್ಣಾಡಿಸುತ್ತಾರೆ. ಪದ ಸುಳ್ಳಾದರೆ ಏಟು ಗ್ರಾಹಕನಿಗೆ. ಮುಂದಿನ ಸಲ ನಿಜವಾದ ರೀಫ್ಯಾಕ್ಟರಿಂಗ್‌ಗೆ ಸಮಯ ಕೇಳಿದರೂ ಮ್ಯಾನೇಜರ್ ಕೊಡಲ್ಲ. ನಮಗೆ ಈಗ ಆಗಿರೋದೂ ಅದೇ.

ಹಾಗಾಗಿ ಎರಡು ಕೆಲಸಕ್ಕೆ ಎರಡು ಕಮಿಟ್ ಹಾಕೋಣ. ಕಸ ಗುಡಿಸೋದು ಒಂದು, ಗೋಡೆ ಒಡೆಯೋದು ಇನ್ನೊಂದು.

ಅಂದಹಾಗೆ, ರೀಫ್ಯಾಕ್ಟರಿಂಗ್‌ಗೆ ಕನ್ನಡದಲ್ಲಿ 'ಒಳಜೋಡಣೆ' ಅನ್ನಬಹುದಾ? ಒಳಗಿನದು ಮಾತ್ರ ಅಂತ ಪದವೇ ಹೇಳುತ್ತೆ :-) ನೀವೇನಂತೀರಿ?